ಹೊರಗಿನವರನ್ನು ಸಹಿಸದ ನಾಡೇ ಕರ್ನಾಟಕ?

ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಿಂದ ಪಶ್ಚಿಮದ ಕಡೆಗೆ ಹೊರಡುವ ಬಸ್ಸುಗಳ ಬೋರ್ಡುಗಳನ್ನು ಜನ ದಿನವೂ ಓದುತ್ತಾರೆ. ಆ ಹೆಸರುಗಳ ಅರ್ಥದ ಕಡೆ ಗಮನ ಹರಿಸುವವರು ಕಡಿಮೆ. ವಿಜಯನಗರವೆಂದರೆ ಹಂಪೆಯ ಸಾಮ್ರಾಜ್ಯದ ನೆನಪು. ಬಸವೇಶ್ವರನಗರವೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ನೆನಪು. ಇವೆರಡರ ಮಗ್ಗುಲಲ್ಲೇ ಇರುವ ರಾಜಾಜಿನಗರ ಹೊತ್ತಿರುವುದು ಒಬ್ಬ ತಮಿಳರ ಹೆಸರನ್ನು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ನಗರದಲ್ಲಿ ಕನ್ನಡ ದಟ್ಟವಾಗಿ ಕೇಳಿಸುವ ಭಾಗ ಯಾವುದೆಂದು ಕೇಳಿದರೆ ಹಳಬರು ಕೈತೋರಿಸುವುದು ಇದೇ ರಾಜಾಜಿನಗರ, ವಿಜಯನಗರಗಳತ್ತ. ಕಾವೇರಿಯ ಹೆಸರಿನಲ್ಲಿ ಬೀದಿಗಳು ಹೊತ್ತಿ ಉರಿದ ದಿನಗಳಲ್ಲೂ ಬಡಾವಣೆಯ ಹೆಸರು ಹಾಗೆಯೇ ಉಳಿದುಕೊಂಡಿತು.

ಇಂಥ ಊರನ್ನು ರಾಜಧಾನಿಯಾಗಿ ಉಳ್ಳ ನಾಡಿಗೆ ಹೊರಗೆ ಇರುವ ಹೆಸರು ಮಾತ್ರ ಅಷ್ಟು ಒಳ್ಳೆಯದಲ್ಲ. ಕನ್ನಡ ಬಾರದವರನ್ನು ಬೆಂಗಳೂರಿನಲ್ಲಿ ಹೀಯಾಳಿಸುತ್ತಾರೆ, ಆಟೋದವರು ಸುಲಿಯುತ್ತಾರೆ, ಮನೆ ಮಾಲೀಕರು ಸತಾಯಿಸುತ್ತಾರೆ, ನೀರಿನ ವಿಷಯ ಬಂದರೆ ಬಸ್ಸಿಗೆ ಬೆಂಕಿ ಇಡುತ್ತಾರೆ ಎಂಬ ದೂರು ದೆಹಲಿ, ಚೆನ್ನೈ, ಗುವಾಹಟಿಗಳವರೆಗೂ ಹರಡಿದೆ. ಒಂದು ಕಾಲಕ್ಕೆ ಪತ್ರಿಕೆಗಳ ಓದುಗರ ಪತ್ರಗಳಲ್ಲಿ ಕಾಣಿಸುತ್ತಿದ್ದ ಈ ಮಾತು ಈಗ ಮೊಬೈಲ್ ಫೋನಿನ ವಿಡಿಯೊಗಳಲ್ಲಿ ದಿನಕ್ಕೊಂದರಂತೆ ಕಾಣಿಸುತ್ತದೆ. ಕನ್ನಡಿಗರ ಉತ್ತರವೂ ಸಿದ್ಧವಾಗಿಯೇ ಇದೆ: ಕನ್ನಡಿಗರಷ್ಟು ಸಹನಶೀಲರು ಬೇರೆಲ್ಲಿದ್ದಾರೆ? ದೂರಿನಲ್ಲಿ ಎಷ್ಟು ನಿಜ, ಉತ್ತರದಲ್ಲಿ ಎಷ್ಟು ನಿಜ ಎಂಬುದನ್ನು ತೂಗಿ ನೋಡುವುದು ಅಗತ್ಯ. ಏಕೆಂದರೆ ಇದರ ಹಿಂದೆ ಜನರ ಜೀವ ಹೋದ ಘಟನೆಗಳಿವೆ.

ಮರೆಯಲಾಗದ ದಿನಗಳು

ಮೊದಲು ನಾಡಿನ ವಿರುದ್ಧ ಇರುವ ಪುರಾವೆಗಳನ್ನೇ ನೋಡಬಹುದು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತು. ಬಂಗಾರಪ್ಪನವರ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಆ ಸುಗ್ರೀವಾಜ್ಞೆ ಸಂವಿಧಾನಬದ್ಧವಲ್ಲವೆಂದು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ ಆದೇಶವು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿದ್ದಂತೆ 12 ಮತ್ತು 13ರಂದು ಬೆಂಗಳೂರಿನಲ್ಲಿ ಹಿಂಸೆ ಭುಗಿಲೆದ್ದಿತು. ಅಧಿಕೃತ ಲೆಕ್ಕದಲ್ಲೇ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಪೊಲೀಸರ ಗುಂಡಿಗೆ ಬಲಿಯಾದವರು. ತಮಿಳರ ಮನೆ, ಗುಡಿಸಲು, ಅಂಗಡಿಗಳು ಸುಟ್ಟುಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು.

1994ರ ಅಕ್ಟೋಬರ್‌ನಲ್ಲಿ ದೂರದರ್ಶನವು ಬೆಂಗಳೂರಿನಿಂದ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿದಾಗ ಮತ್ತೆ ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನರ ಪ್ರಾಣ ಹೋಯಿತು. ಆಗ ಏಟು ತಿಂದವರು ಎಲ್ಲಿಂದಲೋ ಬಂದವರಲ್ಲ. ತಲೆತಲಾಂತರದಿಂದ ಇದೇ ಊರಿನಲ್ಲಿ ಬಾಳಿದವರಿಗೆ ಹೊರಗಿನವರೆಂಬ ಹಣೆಪಟ್ಟಿ ಹಚ್ಚಲಾಯಿತು. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯ ಕಡೆ ಸುಡಾನ್ ದೇಶದವನೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಮುಗಿಬಿದ್ದಿತು. ಅಪಘಾತಕ್ಕೂ ಆಕೆಗೂ ಇದ್ದ ಸಂಬಂಧವೆಂದರೆ ಮೈಬಣ್ಣವೊಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಕ್ರೂರವಾದ ನಿದರ್ಶನ ಸಿಗಲಾರದು.

ಅದೇ ವರ್ಷ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ದಿನಕ್ಕೆ 12,000 ಕ್ಯುಸೆಕ್ ನೀರು ಬಿಡುವಂತೆ ಹೇಳಿದ ಬೆನ್ನಿಗೇ ಪಶ್ಚಿಮ ಬೆಂಗಳೂರು ಉರಿಯಿತು. ಮೈಸೂರು ರಸ್ತೆಯ ನಾಯಂಡಹಳ್ಳಿ ಬಳಿ, ಡಿಸೋಜ ನಗರದ ಶೆಡ್‌ನಲ್ಲಿ ನಿಂತಿದ್ದ ತಮಿಳುನಾಡು ಮೂಲದ ಖಾಸಗಿ ಸಂಸ್ಥೆಯೊಂದರ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಬೂದಿಯಾದವು. ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹೇರಬೇಕಾಯಿತು. ಆ ಪಟ್ಟಿಯನ್ನು ಓದಿದರೆ ನಗರದ ಪಶ್ಚಿಮ ದಿಕ್ಕಿನ ನಕ್ಷೆಯನ್ನೇ ಓದಿದಂತಾಗುತ್ತದೆ: ರಾಜಾಜಿನಗರ, ಮಾಗಡಿ ರಸ್ತೆ, ವಿಜಯನಗರ, ಕಾಮಾಕ್ಷಿಪಾಳ್ಯ, ರಾಜಗೋಪಾಲನಗರ, ಚಂದ್ರಾ ಲೇಔಟ್, ಬ್ಯಾಟರಾಯನಪುರ, ಜ್ಞಾನಭಾರತಿ, ಕೆಂಗೇರಿ. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು. ಲಾಠಿಯಿಂದ ತಪ್ಪಿಸಿಕೊಳ್ಳಲು ಹೋಗಿ ಕಟ್ಟಡದಿಂದ ಬಿದ್ದ ಇನ್ನೊಬ್ಬರೂ ಉಳಿಯಲಿಲ್ಲ.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಇಷ್ಟೆಲ್ಲ ನಡೆದಿರುವಾಗ ಹೊರಗಿನವರ ದೂರು ಬರೀ ಕಟ್ಟುಕತೆಯೆಂದು ತಳ್ಳಿಹಾಕುವಂತಿಲ್ಲ. ಈ ದಿನಗಳು ನಾಡಿನ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟದಲ್ಲಿ ಬರೆದಿಡಬೇಕಾದವು.

ಪಶ್ಚಿಮವೇ ಏಕೆ?

2016ರ ಕರ್ಫ್ಯೂ ಪಟ್ಟಿ ಒಂದು ಪ್ರಶ್ನೆಯನ್ನು ಎತ್ತುತ್ತದೆ. ತಮಿಳರು ಹೆಚ್ಚಾಗಿ ನೆಲೆಸಿರುವುದು ಹಿಂದಿನ ದಂಡು ಪ್ರದೇಶವಾದ ಹಲಸೂರು, ಶಿವಾಜಿನಗರಗಳ ಕಡೆ. ಪಶ್ಚಿಮದಲ್ಲಿ ಶ್ರೀರಾಮಪುರದಂಥ ಕೆಲವು ಕಡೆ ಬಿಟ್ಟರೆ ಅವರ ಸಂಖ್ಯೆ ಅಷ್ಟಿಲ್ಲ. ಆದರೂ ಬೆಂಕಿ ಹತ್ತಿದ್ದು ಇಲ್ಲಿ.

ಇದಕ್ಕೆ ಉತ್ತರ ರಸ್ತೆಗಳಲ್ಲಿದೆ. ಮೈಸೂರು ರಸ್ತೆ ಕೆಂಗೇರಿ ದಾಟಿ ರಾಮನಗರ, ಮಂಡ್ಯಗಳಿಗೆ ಹೋಗುತ್ತದೆ. ಮಾಗಡಿ ರಸ್ತೆ ಮಾಗಡಿ, ಕುಣಿಗಲ್ ಸೀಮೆಗೆ, ತುಮಕೂರು ರಸ್ತೆ ತುಮಕೂರು, ಹಾಸನಗಳ ಕಡೆಗೆ ಹೋಗುತ್ತವೆ. ಬೇಸಾಯ ಕೈಕೊಟ್ಟಾಗ ಈ ಸೀಮೆಗಳ ಜನ ಅದೇ ರಸ್ತೆಗಳನ್ನು ಹಿಡಿದು ಬಂದು ಪೀಣ್ಯದ ಕಾರ್ಖಾನೆಗಳಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸಕ್ಕೆ ಸೇರಿದರು. ಲಗ್ಗೆರೆ, ಸುಂಕದಕಟ್ಟೆ, ಹೆಗ್ಗನಹಳ್ಳಿಗಳ ವಠಾರಗಳಲ್ಲಿ ನೆಲೆಸಿದರು. ಊರಿನಲ್ಲಿ ಅಪ್ಪನ ಗದ್ದೆಗೆ ನಾಲೆಯ ನೀರು ಬರಲಿಲ್ಲವೆಂದರೆ ಇಲ್ಲಿ ಮಗನ ಮನಸ್ಸು ಕುದಿಯುತ್ತದೆ. 2016ರಲ್ಲಿ ಕಾವೇರಿ ಕೊಳ್ಳದಲ್ಲಿ ಮಳೆ ಕಡಿಮೆಯಾಗಿತ್ತು. ಸ್ವತಃ ವಲಸೆ ಬಂದವರೇ ಇನ್ನೊಬ್ಬ ವಲಸಿಗನನ್ನು ಹೊರಗಿನವನೆಂದು ಕರೆದದ್ದು ಈ ಘಟನೆಗಳಲ್ಲಿರುವ ದೊಡ್ಡ ವಿಪರ್ಯಾಸ.

ಕಾರಣವನ್ನು ಅರಿಯುವುದೆಂದರೆ ಕೃತ್ಯವನ್ನು ಒಪ್ಪುವುದಲ್ಲ. ಮೇಲಾಗಿ ಆ ಕೋಪಕ್ಕೆ ಭೂಗೋಳದ ಸಮರ್ಥನೆಯೂ ಇರಲಿಲ್ಲ. ಕೆಂಗೇರಿಯ ಪಕ್ಕದಲ್ಲಿ ಹರಿಯುವ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ; ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಪಶ್ಚಿಮ ಬೆಂಗಳೂರಿನ ಮನೆಗಳು ಬಳಸಿ ಚೆಲ್ಲಿದ ನೀರು ಕೂಡ ಕೊನೆಗೆ ಸಾಗುವುದು ತಮಿಳುನಾಡಿಗೇ. 1974ರಿಂದ ನಗರಕ್ಕೆ ಬರುತ್ತಿರುವ ಕಾವೇರಿ ನೀರನ್ನು ಕನ್ನಡ ಮಾತಾಡುವ ಮನೆಯೂ ತಮಿಳು ಮಾತಾಡುವ ಮನೆಯೂ ಒಂದೇ ಕೊಳಾಯಿಯಿಂದ ಹಿಡಿಯುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯನ್ನು ಕಟ್ಟಿದ ಭಾಷೆಯೇ ಕನ್ನಡ.

ಒಂದೇ ನಾಡಿಗೆ ಎರಡು ಹೆಸರು

ಕರ್ನಾಟಕಕ್ಕೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕೆಟ್ಟ ಹೆಸರೂ ಇತ್ತು ಎಂಬುದನ್ನು ಇಂದಿನವರು ಮರೆತಿದ್ದಾರೆ. ಕನ್ನಡಿಗರು ನಿರಭಿಮಾನಿಗಳು, ಎಲ್ಲಿ ಹೋದರೂ ಅಲ್ಲಿಯ ಭಾಷೆಗೆ ಶರಣಾಗುವವರು, ತಮ್ಮ ರಾಜಧಾನಿಯಲ್ಲೇ ಪರಕೀಯರಾದವರು ಎಂಬ ಮಾತು ಐವತ್ತು, ಅರವತ್ತರ ದಶಕಗಳಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಆಧಾರವೂ ಇತ್ತು. ನಗರ ಮತ್ತು ದಂಡು ಎಂಬ ಎರಡು ಭಾಗಗಳು ಒಂದೇ ಕಾರ್ಪೊರೇಷನ್ ಅಡಿ ಬಂದದ್ದು 1949ರಲ್ಲಿ. ದಂಡಿನ ಕಡೆ ತಮಿಳು, ಉರ್ದು, ಇಂಗ್ಲಿಷ್‌ಗಳೇ ನಡೆಯುತ್ತಿದ್ದವು. ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರಗಳಿಗೆ ಜಾಗ ಸಿಗುವುದು ಕಷ್ಟವಾಗಿತ್ತು. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರಂಥವರು ಚಳವಳಿಗೆ ಇಳಿದದ್ದು ಈ ಸ್ಥಿತಿಯಲ್ಲಿ. ಇಂದು ಎಲ್ಲೆಡೆ ಹಾರುವ ಹಳದಿ ಕೆಂಪು ಬಾವುಟ ರಾಮಮೂರ್ತಿಯವರ ಕೊಡುಗೆ. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಊರೂರು ಸುತ್ತಿದಾಗ ಜನ ಕೇಳಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ. ಕೇಂದ್ರೋದ್ಯಮಗಳಲ್ಲಿ ಕನ್ನಡಿಗರಿಗೆ ಕೆಲಸ ಸಿಗಬೇಕೆಂದು ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕೊಟ್ಟ ವರದಿಯಲ್ಲಿ 58 ಶಿಫಾರಸುಗಳಿದ್ದವು.

ಈ ಹಿನ್ನೆಲೆಯನ್ನು ಬಿಟ್ಟು ನೋಡಿದರೆ ಕನ್ನಡದ ಬೇಡಿಕೆಗಳೆಲ್ಲ ದ್ವೇಷದಂತೆ ಕಾಣುತ್ತವೆ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ 96 ಲಕ್ಷ ಜನರಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ರಾಜಧಾನಿಯಲ್ಲಿ ರಾಜ್ಯಭಾಷೆಗೆ ಇಂಥ ಸ್ಥಿತಿಯಿರುವಾಗ ಅಂಗಡಿಯ ಬೋರ್ಡಿನಲ್ಲಿ ಕನ್ನಡವಿರಲಿ, ಬ್ಯಾಂಕಿನಲ್ಲಿ ಕನ್ನಡದಲ್ಲಿ ಉತ್ತರ ಸಿಗಲಿ ಎಂದು ಕೇಳುವುದು ಅತಿಯಾಸೆಯಲ್ಲ. ಅದನ್ನು ಬಾಯಿಮಾತಿನಲ್ಲಿ ಕೇಳುತ್ತಾರೋ ಕಲ್ಲು ಹಿಡಿದು ಕೇಳುತ್ತಾರೋ ಎಂಬುದೇ ಮುಖ್ಯ. 2023ರ ಡಿಸೆಂಬರ್‌ನಲ್ಲಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ನಡೆದ ಪ್ರತಿಭಟನೆಯಲ್ಲಿ ಕೆಲವರು ಬೋರ್ಡುಗಳನ್ನು ಒಡೆದರು. ನ್ಯಾಯವಾದ ಬೇಡಿಕೆಯ ಕಡೆಗೆ ಹೊರಗಿನವರ ಕಣ್ಣು ಹೋಗಲಿಲ್ಲ. ಒಡೆದ ಗಾಜು ಎಲ್ಲರಿಗೂ ಕಂಡಿತು.

ಉದ್ಯೋಗದ ವಿಷಯದಲ್ಲೂ ಇದೇ ಕತೆ. ಖಾಸಗಿ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆಂಧ್ರಪ್ರದೇಶ 2019ರಲ್ಲೇ ಶೇ 75ರ ಕಾನೂನು ಮಾಡಿತ್ತು. ಹರಿಯಾಣವೂ ಮಾಡಿ, 2023ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ರಾಜ್ಯಗಳಿಗೆ ಹತ್ತದ ಮಸಿ ಕರ್ನಾಟಕಕ್ಕೆ ಬೇಗ ಹತ್ತುವುದೇಕೆ? ದೇಶದ ಎಲ್ಲ ಮೂಲೆಗಳಿಂದ ಬಂದವರು ಬೆಂಗಳೂರಿನಲ್ಲಿ ಇರುವುದರಿಂದ ಇಲ್ಲಿ ನಡೆದದ್ದು ಆಯಾ ಊರಿನ ಮನೆಯ ಸುದ್ದಿಯಾಗುತ್ತದೆ. ಹೆಚ್ಚು ಅತಿಥಿಗಳಿರುವ ಮನೆಯ ಜಗಳ ಹೆಚ್ಚು ಕಿವಿಗಳಿಗೆ ಬೀಳುತ್ತದೆ.

ದಿನನಿತ್ಯದ ದೂರುಗಳು

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು, ಮಾಂಸಾಹಾರಿಗಳಿಗೆ ಮನೆ ಕೊಡದಿರುವುದು, ಮದುವೆಯಾಗದವರನ್ನು ಬೇಡವೆನ್ನುವುದು, ಆಟೋ ಮೀಟರ್ ಹಾಕದಿರುವುದು: ಇವೆಲ್ಲ ತಮ್ಮ ಮೇಲಿನ ದ್ವೇಷವೆಂದು ಹೊಸದಾಗಿ ಬಂದವರು ತಿಳಿಯುತ್ತಾರೆ. ಆದರೆ ಕಲಬುರಗಿಯಿಂದಲೋ ವಿಜಯಪುರದಿಂದಲೋ ಬಂದು ಬಸವೇಶ್ವರನಗರದಲ್ಲಿ ಮನೆ ಹುಡುಕುವ ಅಚ್ಚ ಕನ್ನಡಿಗನೂ ಅದೇ ಅಡ್ವಾನ್ಸ್ ಎಣಿಸಬೇಕು, ಅಡುಗೆಮನೆಯ ಬಗ್ಗೆ ಅದೇ ಪ್ರಶ್ನೆಗೆ ಉತ್ತರಿಸಬೇಕು. ಈ ಕಿರುಕುಳದಲ್ಲಿ ಭಾಷಾಭೇದವಿಲ್ಲ. ಜಾತಿ, ಆಹಾರ, ಹಣಗಳ ಭೇದವಿದೆ. ಅದು ಸಣ್ಣ ತಪ್ಪೇನಲ್ಲ. ಆದರೆ ದೂರಿನಲ್ಲಿ ಹೇಳುವ ತಪ್ಪು ಅದಲ್ಲ.

ವದಂತಿಯೂ ಒಂದು ನಾಡಿನ ಹೆಸರನ್ನು ಕೆಡಿಸಬಲ್ಲದು. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಗಳಿಗೆ ಪ್ರತೀಕಾರವಾಗಿ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳವರನ್ನು ಕೊಲ್ಲುತ್ತಾರೆಂಬ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ನಾಲ್ಕೈದು ದಿನಗಳಲ್ಲಿ ಸುಮಾರು ಮೂವತ್ತು ಸಾವಿರ ಜನ ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲುಗಳು ಓಡಿದವು. ಭಯಪಟ್ಟಂಥ ಸಾಮೂಹಿಕ ದಾಳಿ ನಗರದಲ್ಲಿ ನಡೆಯಲೇ ಇಲ್ಲ. ಹೋದವರಲ್ಲಿ ಬಹಳ ಮಂದಿ ಮುಂದಿನ ವಾರಗಳಲ್ಲಿ ತಮ್ಮ ಕೆಲಸಗಳಿಗೆ ಮರಳಿದರು. ಆದರೂ ಒಂದು ವದಂತಿಗೆ ಅಷ್ಟು ಜನ ಬೆದರಿದ್ದೇಕೆ ಎಂದು ಊರು ತನ್ನನ್ನೇ ಕೇಳಿಕೊಳ್ಳಬೇಕು. ನಂಬಿಕೆ ಗಟ್ಟಿಯಾಗಿದ್ದಲ್ಲಿ ವದಂತಿ ಬೇರೂರುವುದಿಲ್ಲ.

ಹೊರಗಿನಿಂದ ಬಂದವರಿಗೆ ಈ ನಾಡು ಕೊಟ್ಟದ್ದೇನು ಎಂಬ ಲೆಕ್ಕವೂ ಇದೆ. ಕಲ್ಯಾಣದ ಶರಣರಲ್ಲಿ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಆದಯ್ಯ ಸೌರಾಷ್ಟ್ರದಿಂದ ಬಂದವರೆಂದು ಪರಂಪರೆ ಹೇಳುತ್ತದೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಕನ್ನಡಕ್ಕೆ ಜ್ಞಾನಪೀಠ ತಂದವರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಕನ್ನಡಿಗರು ‘ಅಣ್ಣಾವ್ರು’ ಎಂದು ಕರೆದ ರಾಜಕುಮಾರ್ ಅವರ ಹುಟ್ಟೂರು ಗಾಜನೂರು ಇಂದು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ. ಇವರಲ್ಲಿ ಯಾರನ್ನೂ ಕನ್ನಡ ಹೊರಗಿನವರೆಂದು ಎಣಿಸಲಿಲ್ಲ. ಭಾಷೆಯನ್ನು ಒಪ್ಪಿಕೊಂಡವರನ್ನು ಅದು ಎರಡು ಮಾತಿಲ್ಲದೆ ಒಳಗೆ ಸೇರಿಸಿಕೊಂಡಿದೆ.

ಬಡವನಿಗೆ ಬಿದ್ದ ಏಟು

ಆದರೆ ಇಲ್ಲೊಂದು ಕಹಿಸತ್ಯ ಇದೆ. 1991ರಲ್ಲಿ ಸುಟ್ಟುಹೋದ ಗುಡಿಸಲುಗಳಲ್ಲಿದ್ದ ತಮಿಳರಲ್ಲಿ ಬಹುಪಾಲು ಜನ ಗಾರೆ ಕೆಲಸದವರು, ಕೂಲಿಗಳು, ತರಕಾರಿ ಮಾರುವವರು. ಕನ್ನಡ ಮಾತಾಡದೆ ಅವರಿಗೆ ದಿನ ಕಳೆಯುತ್ತಿರಲಿಲ್ಲ. ನಗರವನ್ನು ಕಟ್ಟಿದ ಆ ಕೈಗಳಿಗೆ ನ್ಯಾಯಮಂಡಳಿಯ ಆದೇಶದ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಕೋಪವಿದ್ದದ್ದು ದೆಹಲಿಯ ಮೇಲೆ, ಚೆನ್ನೈ ಮೇಲೆ, ನ್ಯಾಯಾಲಯದ ಮೇಲೆ. ಏಟು ಬಿದ್ದದ್ದು ಪಕ್ಕದ ಬೀದಿಯ ಬಡವನ ಮೇಲೆ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತಾಯಿತು. ಹತ್ತು ವರ್ಷ ಇದ್ದರೂ ಕನ್ನಡದ ಒಂದು ಮಾತೂ ಕಲಿಯದವರು ಇಂದು ಕರ್ನಾಟಕವನ್ನು ಗಟ್ಟಿಯಾಗಿ ದೂರುತ್ತಾರೆ. ನಿಜವಾಗಿ ದೂರುವ ಹಕ್ಕಿದ್ದವರು ಸದ್ದಿಲ್ಲದೆ ಗಡಿ ದಾಟಿದರು. ಮರಳಿ ಬಂದವರು ಸದ್ದಿಲ್ಲದೆ ಮತ್ತೆ ಗಾರೆ ಕಲಸಿದರು.

ಈ ಏಟಿನ ರುಚಿ ಕನ್ನಡಿಗರಿಗೂ ಗೊತ್ತಿದೆ. ಶಿವಸೇನೆ 1966ರಲ್ಲಿ ಹುಟ್ಟಿದ ಮೇಲೆ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ನಡೆದ ಪ್ರಚಾರದಲ್ಲಿ ಉಡುಪಿ ಹೋಟೆಲ್‌ಗಳ ಮೇಲೆ ಕಲ್ಲು ಬಿದ್ದವು. 2016ರಲ್ಲಿ ಬೆಂಗಳೂರಿನ ಬಸ್ಸುಗಳು ಉರಿದ ದಿನವೇ ಬೆಳಗಿನಲ್ಲಿ ಚೆನ್ನೈನ ಮೈಲಾಪುರದ ವುಡ್‌ಲ್ಯಾಂಡ್ಸ್ ಹೋಟೆಲ್ ಮೇಲೆ ದಾಳಿಯಾಯಿತು. 2011ರ ಗಣತಿಯಂತೆ ಕರ್ನಾಟಕದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ತಮಿಳರಿದ್ದರೆ, ತಮಿಳುನಾಡಿನಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಕನ್ನಡಿಗರಿದ್ದರು. ಒಂದು ಊರಿನ ‘ಒಳಗಿನವರು’ ಇನ್ನೊಂದು ಊರಿನ ‘ಹೊರಗಿನವರು’.

ಅಂದು, ಇಂದು

ಹಾಗಾದರೆ ಹಿಂಸೆ ಈ ಜನರ ಸ್ವಭಾವವೇ? ಇದಕ್ಕೆ ಪಶ್ಚಿಮ ಬೆಂಗಳೂರೇ ಒಂದು ಉತ್ತರ ಕೊಟ್ಟಿದೆ. 2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ನಗರ ಅಲ್ಲೋಲಕಲ್ಲೋಲವಾಯಿತು. ಅಂತಿಮ ದರ್ಶನದ ವ್ಯವಸ್ಥೆ ಕುಸಿಯಿತು. ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ ಮುಗಿಯುವ ಹೊತ್ತಿಗೆ ಪೊಲೀಸ್ ಪೇದೆಯೊಬ್ಬರೂ ಸೇರಿದಂತೆ ಹಲವರು ಸತ್ತಿದ್ದರು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ 46ರ ವಯಸ್ಸಿನಲ್ಲಿ ತೀರಿಕೊಂಡಾಗಲೂ ಜನಸಾಗರವೇ ಸೇರಿತು. ಮದ್ಯ ಮಾರಾಟ ನಿಲ್ಲಿಸಲಾಯಿತು, ದರ್ಶನಕ್ಕೆ ಎರಡು ದಿನ ಸಾಲು ಕಟ್ಟಿಸಲಾಯಿತು, ಕುಟುಂಬದವರು ಶಾಂತಿಗೆ ಮನವಿ ಮಾಡಿದರು. ಅಕ್ಟೋಬರ್ 31ರ ಬೆಳಗಿನ ಜಾವ ಅದೇ ಸ್ಟುಡಿಯೊದಲ್ಲಿ, ತಂದೆಯ ಸಮಾಧಿಯ ಬಳಿಯೇ, ಎಲ್ಲವೂ ಶಾಂತವಾಗಿ ಮುಗಿಯಿತು. ಅದೇ ಊರು, ಅದೇ ದುಃಖ. ಬದಲಾಗಿದ್ದದ್ದು ಆಡಳಿತದ ಸಿದ್ಧತೆ.

ಕಾವೇರಿಯ ವಿಷಯದಲ್ಲೂ ಇಂಥದೇ ಬದಲಾವಣೆ ಕಾಣುತ್ತದೆ. 1991ರಿಂದ ಮುಸುಕು ಹಾಕಿಕೊಂಡೇ ಇದ್ದ ಹಲಸೂರಿನ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನಗಳ ನಂತರ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ನಿಂತಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟಾಗ ಬಿಗಿ ಬಂದೋಬಸ್ತ್ ಇತ್ತು, ಬೀದಿಗಳು ಸುಮ್ಮನಿದ್ದವು. ಆ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಅಡಿ ಹೆಚ್ಚಾಗಿ ದೊರೆಯಿತು. 2023ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಕೋಪ ಕಡಿಮೆಯಿರಲಿಲ್ಲ, ಆದರೆ 1991 ಮರುಕಳಿಸಲಿಲ್ಲ.

ಈ ಎಲ್ಲವನ್ನೂ ಕೂಡಿಸಿ ಕಳೆದರೆ ಉಳಿಯುವುದಿಷ್ಟು. ಹೊರಗಿನವರನ್ನು ಸಹಿಸದ ಜನ ಎಂಬ ಮಾತು ಕನ್ನಡಿಗರಿಗೆ ಒಪ್ಪುವುದಿಲ್ಲ. ಕನ್ನಡಿಗರಷ್ಟು ಸಹನಶೀಲರಿಲ್ಲ ಎಂಬ ಹೆಮ್ಮೆಯೂ 1991ರ ಡಿಸೆಂಬರ್ ಎದುರು ನಿಲ್ಲುವುದಿಲ್ಲ. ಕೆಟ್ಟ ಹೆಸರು ಬಂದದ್ದು ಕೆಲವು ದಿನಗಳಿಂದ. ಆ ದಿನಗಳಲ್ಲಿ ಗುಂಪು ಮುಂದೆ ನಿಂತಿತು, ಆಡಳಿತ ಹಿಂದೆ ಸರಿಯಿತು, ಅವರಿಬ್ಬರ ನಡುವೆ ಬಡವ ಸಿಕ್ಕಿಕೊಂಡ. ಉಳಿದ ಸಾವಿರಾರು ದಿನಗಳ ನೆಮ್ಮದಿಯ ನೆರೆಹೊರೆ ಯಾರಿಗೂ ಸುದ್ದಿಯಾಗಲಿಲ್ಲ. ಆದರೆ ಮನೆ ಕಳೆದುಕೊಂಡವನಿಗೆ ಆ ಸಾವಿರಾರು ದಿನಗಳ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು. ಮಳೆ ಕೈಕೊಡುವ ವರ್ಷಗಳು ಇನ್ನೂ ಬರುತ್ತವೆ, ಕಹಿಯಾದ ತೀರ್ಪುಗಳೂ ಬರುತ್ತವೆ. ಅಂಥದೊಂದು ಸಂಜೆ ಮಾಗಡಿ ರಸ್ತೆಯ ಬದಿಯಲ್ಲಿ ತಮಿಳು ಕೂಲಿಯವನೊಬ್ಬ ಅಂಗಡಿಯಿಂದ ಹಾಲು ತೆಗೆದುಕೊಂಡು, ಹಿಂದೆ ಮುಂದೆ ನೋಡದೆ ತನ್ನ ಗುಡಿಸಲಿಗೆ ನಡೆದುಹೋಗುವಂತಿದ್ದರೆ, ನಾಡಿನ ಪರವಾಗಿ ಬೇರೆ ಯಾರೂ ವಾದ ಹೂಡಬೇಕಾಗಿಲ್ಲ.